ಷಾರ್ಲಟ್ಸ್ ವೆಬ್: ಇಲಿ ಟೆಂಪಲ್ಟನ್ ಕೊನೇಲಿ ಒಳ್ಳೆಯವನಾಗ್ತಾನಾ?

ಪ್ರಶ್ನೆ:
ಮಗಳ ಜೊತೆ ಇ. ಬಿ. ವೈಟ್ ಬರೆದ ಷಾರ್ಲಟ್ಸ್ ವೆಬ್ (1952) ಮತ್ತೆ ಓದಿ ಮುಗಿಸ್ದೆ. ಒಂದು ಪಾತ್ರ ತಗೊಂಡು ಅದಕ್ಕೂ ಕಥೆಯ ಥೀಮ್‌ಗೂ ಏನು ಸಂಬಂಧ ಅಂತ ಅವಳು ಬರೀಬೇಕಂತೆ. ಎಲ್ರೂ ಜೇಡ ಷಾರ್ಲಟ್ ಇಲ್ಲಾ ಹಂದಿಮರಿ ವಿಲ್ಬರ್ ತಗೊಂಡಿದ್ದಾರೆ, ಇವಳಿಗೆ ಟೆಂಪಲ್ಟನ್ನೇ ಬೇಕು ಅಂತ ಹಠ. ಅವನೋ ಪಕ್ಕಾ ಸ್ವಾರ್ಥಿ, ಆದ್ರೆ ಮಾಂಸಕ್ಕೆ ಕಡೀಬೇಕು ಅಂತಿದ್ದ ವಿಲ್ಬರ್ ಜೀವ ಉಳಿಯೋದ್ರಲ್ಲಿ ಅವನ ಕೈವಾಡ ಕಮ್ಮಿ ಏನಿಲ್ಲ. ಕೊನೆಗೆ ಒಳ್ಳೆಯವನಾದ ಅಂತ ಬರೆದ್ರೆ ನಡೆಯತ್ತಾ?

ಉತ್ತರ 1:
ನಡೆಯಲ್ಲ ರೀ. ಜಾತ್ರೆಗೆ ಬಾ ಅಂದಾಗ ಬರಲ್ಲ ಅಂದವನು, ಅಲ್ಲಿ ಜನ ಚೆಲ್ಲಿಹೋಗೋ ತಿಂಡಿ ಬಗ್ಗೆ ಮುದಿ ಕುರಿ ಬಾಯಲ್ಲಿ ನೀರೂರೋ ಹಾಗೆ ಹೇಳಿದ್ಮೇಲೆ ತಾನೇ ಹೊರಟಿದ್ದು? ಷಾರ್ಲಟ್‌ಳ ಮೊಟ್ಟೆಚೀಲ ಇಳಿಸಿಕೊಡು ಅಂತ ವಿಲ್ಬರ್ ಗೋಗರೆದಾಗ್ಲೂ ಅಷ್ಟೇ, ಇನ್ಮೇಲೆ ನನ್ನ ತೊಟ್ಟೀಲಿ ಮೊದ್ಲು ನೀನೇ ತಿನ್ನು, ನಿನ್ನ ಹೊಟ್ಟೆ ತುಂಬೋವರೆಗೂ ನಾನು ಮುಟ್ಟಲ್ಲ ಅಂತ ಮಾತು ಕೊಟ್ಟ ಮೇಲೇನೇ ಮೇಲೆ ಹತ್ತಿದ್ದು. ವ್ಯಾಪಾರ, ಬರೀ ವ್ಯಾಪಾರ.

ಉತ್ತರ 2:
ಒಪ್ದೆ, ಆದ್ರೆ ಅದೇ ಸೀನ್‌ನ ವಿಲ್ಬರ್ ಕಡೆಯಿಂದ ನೋಡಿ. ಶುರುವಿನಲ್ಲಿ ನಾನು ಸಾಯಲ್ಲ ಅಂತ ಗೋಳಾಡ್ತಿದ್ದ ಮರಿ, ಇಲ್ಲಿ ತನ್ನ ಊಟಾನೇ ಬಿಟ್ಕೊಡ್ತಿದೆ, ಅದೂ ಹಂದಿ! ಆಮೇಲೆ ಚೀಲ ನಾಲಿಗೆ ಮೇಲಿಟ್ಕೊಂಡು ಬಾಯಿ ತೆರೆಯೋಕಾಗ್ದೆ, ಜಾತ್ರೇಲೇ ಸಾಯ್ತಿರೋ ಷಾರ್ಲಟ್‌ಗೆ ಬರೀ ಕಣ್ಣು ಮಿಟುಕಿಸಿ ಹೋಗ್ತಾನಲ್ಲ, ನಂಗೆ ಪ್ರತಿ ಸಲ ಗಂಟಲು ಕಟ್ಟತ್ತೆ. ಟೆಂಪಲ್ಟನ್ ಇದ್ದ ಹಾಗೇ ಇದ್ದಾನೆ ಅಂತಾನೇ ವಿಲ್ಬರ್ ಎಷ್ಟು ಬೆಳೆದ ಅಂತ ಗೊತ್ತಾಗೋದು. ಮಗಳು ಈ ದಾರಿ ಹಿಡೀಲಿ.

ಉತ್ತರ 3:
ಇನ್ನೊಂದು ವಿಷ್ಯ ಯಾರೂ ಹೇಳ್ಲಿಲ್ಲ, ಪದಗಳು. ಜನ ವಿಲ್ಬರ್‌ನ ಮೆಚ್ಚಿ ಉಳಿಸ್ಲಿ ಅಂತ ಬಲೆಯಲ್ಲಿ ನೇಯೋಕೆ ಷಾರ್ಲಟ್‌ಗೆ ಹೊಗಳೋ ಪದ ಬೇಕು, ಇವನು ಕಸದ ಗುಡ್ಡೆಯಿಂದ ಚೂರು ಚೂರು ತರ್ತಾನೆ. ಒಂದ್ಸಲ ಮ್ಯಾಗಜೀನ್ ಜಾಹೀರಾತಿಂದ ಕ್ರಂಚಿ ಅನ್ನೋದನ್ನ ಹರ್ಕೊಂಡು ಬಂದ, ಷಾರ್ಲಟ್ ಬೇಡ್ವೇ ಬೇಡ ಅಂದ್ಲು. ಹಂದಿಮರಿ ಗರಿಗರಿ ಅಂತ ಬರೆದ್ರೆ ಜನಕ್ಕೆ ಹುರಿದ ಮಾಂಸ ತಾನೇ ನೆನಪಾಗೋದು! ಸೋಪಿನ ಪೊಟ್ಟಣದಲ್ಲಿ ಸಿಕ್ಕ ರೇಡಿಯಂಟ್ (ಅಂದ್ರೆ ಹೊಳೆಯೋ) ಅನ್ನೋದು ಬಲೆಗೆ ಏರ್ತು. ತರೋನಿಗೆ ಅದು ಕಾಗದದ ಚೂರು, ನೇಯೋಳಿಗೆ ಗೆಳೆಯನ ಪ್ರಾಣ. ಇಬ್ಬರ ವ್ಯತ್ಯಾಸ ಈ ಸೀನ್‌ನಲ್ಲಿ ಕಂಡಷ್ಟು ಬೇರೆಲ್ಲೂ ಕಾಣಲ್ಲ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ರಿಗೂ. ಕ್ರಂಚಿ ವಿಷ್ಯ ಓದಿ ಹೇಳಿದ್ರೆ ಬಿದ್ದು ಬಿದ್ದು ನಕ್ಕಳು, ಅದನ್ನೂ ಹಾಕ್ತಾಳಂತೆ. ಒಳ್ಳೆಯವನಾದ ಅನ್ನೋದನ್ನ ಅವಳೇ ಹೊಡೆದುಹಾಕಿದ್ದಾಳೆ, ಈಗಿರೋ ಮೊದಲ ಸಾಲು: "ಟೆಂಪಲ್ಟನ್ ಬದಲಾಗಲಿಲ್ಲ, ದಪ್ಪ ಆದ."