ಹಳೆಯ ಚಿನ್ನದ ಗುಂಡಿಗಳಿರುವ ಹುಲ್ಲುಗಾವಲನ್ನು ಕೊಳ್ಳಬಹುದೇ?

ಪ್ರಶ್ನೆ (ಸಿಡ್ನಿಯಿಂದ):
ಆಸ್ಟ್ರೇಲಿಯಾದ ಬ್ಯಾಥರ್ಸ್ಟ್‌ನ ಉತ್ತರಕ್ಕೆ, ಸೊಫಾಲಾ ಮತ್ತು ಹಿಲ್ ಎಂಡ್ ನಡುವಿನ ಗುಡ್ಡಗಾಡಿನಲ್ಲಿ ಮಾರಾಟಕ್ಕಿರುವ ಸುಮಾರು 300 ಎಕರೆ ಜಮೀನನ್ನು ನೋಡಿ ಬಂದೆವು. ಕುರಿಗಳನ್ನೂ ಕೆಲವು ದನಗಳನ್ನೂ ಮೇಯಿಸುವುದು ನಮ್ಮ ಉದ್ದೇಶ. ಚಿನ್ನದ ಇತಿಹಾಸವುಳ್ಳ ಭೂಮಿಯೆಂದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆದಿದ್ದಾರೆ. ಆದರೆ ಅಲ್ಲಿ ನಮಗೆ ಕಂಡದ್ದು ಬೇಲಿಯಿಲ್ಲದ ಎರಡು ಆಳವಾದ ಗುಂಡಿಗಳು ಮತ್ತು ಹಳ್ಳದ ಪಕ್ಕದಲ್ಲಿ ಹುಲ್ಲೇ ಹುಟ್ಟದ ಒಂದು ಬೂದು ದಿಬ್ಬ. ಮುಂದೆ ಚಿನ್ನ ಸಿಕ್ಕರೆ ಅದು ನಮ್ಮದಾಗುವುದೇ, ಬೇರೆಯವರು ಬಂದು ಅಗೆಯಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಆರೆಂಜ್ ಪಟ್ಟಣದಿಂದ):
ಚಿನ್ನದ ಆಸೆಯನ್ನು ಮೊದಲೇ ಬಿಡಿ. ಆ ಜಮೀನಿರುವ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನೆಲ ಯಾರದೇ ಇರಲಿ, ಅದರೊಳಗಿನ ಚಿನ್ನ ಮತ್ತು ಬೆಳ್ಳಿ ಸರ್ಕಾರದ್ದು. ಪರಿಶೋಧನೆಯ ಪರವಾನಗಿ ಪಡೆದ ಕಂಪನಿಯು ನಿಮ್ಮ ಜಮೀನಿಗೆ ಕಾಲಿಡಬೇಕಾದರೆ, 1992ರ ಗಣಿ ಕಾಯ್ದೆಯಂತೆ, ಮೊದಲು ನಿಮ್ಮೊಂದಿಗೆ ಪ್ರವೇಶದ ಒಪ್ಪಂದ ಮಾಡಿಕೊಳ್ಳಬೇಕು. ವಾಸದ ಮನೆಯಿಂದ 200 ಮೀಟರ್ ಒಳಗಾದರೆ ನಿಮ್ಮ ಲಿಖಿತ ಒಪ್ಪಿಗೆಯೇ ಬೇಕು. ಆದರೆ ಒಪ್ಪಂದ ಕೂಡಿಬರದಿದ್ದರೆ ವಿಷಯ ಮಧ್ಯಸ್ಥಗಾರರ ಮುಂದೆ ಹೋಗುವುದರಿಂದ, ಜಮೀನಿನೊಳಗೆ ಬರಲೇಬೇಡಿ ಎನ್ನುವ ಅಧಿಕಾರ ನಿಮಗಿದೆಯೆಂದು ಭಾವಿಸಬೇಡಿ. ಸದ್ಯ ಯಾರ ಪರವಾನಗಿ ಇದೆಯೆಂಬುದನ್ನು ಮಿನ್‌ವ್ಯೂ ಎಂಬ ಸರ್ಕಾರಿ ನಕ್ಷೆಯಲ್ಲಿ ನೋಡಬಹುದು.

ಉತ್ತರ (ಕೆಜಿಎಫ್ ಮೂಲದವರು):
ನಮ್ಮೂರಿನ ಸೈನೈಡ್ ದಿಬ್ಬಗಳ ದೂಳಿನಲ್ಲಿ ಬೆಳೆದ ನನಗೆ ಗುಂಡಿಗಳಿಗಿಂತ ಆ ಬೂದು ದಿಬ್ಬದ್ದೇ ಚಿಂತೆ. ಗುಂಡಿಗೆ ಬೇಲಿ ಹಾಕಬಹುದು. ಆದರೆ ಆ ದಿಬ್ಬ ಚಿನ್ನ ತೆಗೆದ ಮೇಲೆ ಬಿಸಾಡಿದ ಅದಿರಿನ ಪುಡಿಯಿರಬಹುದು. ಹಿಲ್ ಎಂಡಿನಲ್ಲಿ 1872ರಲ್ಲಿ ಸುಮಾರು 286 ಕಿಲೋ ತೂಗುವ, ಚಿನ್ನ ಬೆರೆತ ಹೋಲ್ಟರ್‌ಮನ್ ಗಟ್ಟಿ ಸಿಕ್ಕಾಗ ಅದಿರಿನಿಂದ ಚಿನ್ನ ತೆಗೆಯುವ ಸೈನೈಡ್ ವಿಧಾನ ಇನ್ನೂ ಬಂದಿರಲಿಲ್ಲ. ಅದು 1887ರ ನಂತರದ್ದು. ಕುಟ್ಟಿದ ಅದಿರನ್ನು ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಸಿ ಚಿನ್ನವನ್ನು ಹಿಡಿಯುತ್ತಿದ್ದ ಕಾಲವದು. ಹಾಗಾಗಿ ಮಣ್ಣಿನಲ್ಲಿ ಪಾದರಸವನ್ನೂ, ಅದಿರಿನೊಂದಿಗೇ ಬರಬಹುದಾದ ಆರ್ಸೆನಿಕ್ ಮತ್ತು ಸೀಸವನ್ನೂ ಪರೀಕ್ಷಿಸಿ. ಬರಗಾಲದಲ್ಲಿ ಹುಲ್ಲು ಗಿಡ್ಡವಾದಾಗ ಕುರಿಗಳು ಬಾಯಿಗೆ ಬಂದಷ್ಟು ಮಣ್ಣನ್ನೂ ನುಂಗುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಣ್ಣು ಮತ್ತು ಹಳ್ಳದ ನೀರಿನ ಪರೀಕ್ಷೆಯನ್ನು ಕರಾರಿನ ಷರತ್ತಾಗಿ ಸೇರಿಸುವಂತೆ ವಕೀಲರಿಗೆ ತಿಳಿಸಿದ್ದೇವೆ. ಮಾರುವವರು ಒಪ್ಪಿದ್ದಾರೆ, ಆದರೆ ದಿಬ್ಬವೊಂದನ್ನು ಬಿಟ್ಟು ಎಲ್ಲಿ ಬೇಕಾದರೂ ಮಣ್ಣು ತೆಗೆಯಿರಿ ಎನ್ನುತ್ತಿದ್ದಾರೆ.