ಸಿನಿಮಾದ ಮಾತಿಗೆ ‘ಪ್ರಾತಿನಿಧ್ಯ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ರಾಜಕೀಯ ಥ್ರಿಲ್ಲರ್ ಚಿತ್ರಗಳಲ್ಲಿ ಯಾರು ಕಾಣಿಸುತ್ತಾರೆ, ಯಾರು ಕಾಣಿಸುವುದಿಲ್ಲ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ರೆಪ್ರೆಸೆಂಟೇಷನ್’ಗೆ ಏನು ಹಾಕಬೇಕೋ ತಿಳಿಯದೆ ನಿಂತಿದ್ದೇನೆ. ಮೊದಲು ‘ಪ್ರಾತಿನಿಧ್ಯ’ ಅಂತಲೇ ಬರೆದೆ. ಓದಿ ನೋಡಿದರೆ ಎಲ್ಲೋ ಕೂರುತ್ತಿಲ್ಲ.

1976ರ ‘ಆಲ್ ದ ಪ್ರೆಸಿಡೆಂಟ್ಸ್ ಮೆನ್’ ಚಿತ್ರವನ್ನೇ ನೋಡಿ. ಅಮೆರಿಕದ ಅಧ್ಯಕ್ಷ ನಿಕ್ಸನ್ ಅಧಿಕಾರ ಬಿಡುವಂತೆ ಮಾಡಿದ ವಾಟರ್‌ಗೇಟ್ ಹಗರಣದ ಕತೆ. ವಾಟರ್‌ಗೇಟ್ ಅಂದರೆ ವಾಷಿಂಗ್ಟನ್ನಿನ ಒಂದು ಕಟ್ಟಡ, ಅಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ್ದರಿಂದ ಹಗರಣ ಶುರುವಾಯಿತು. 1972ರ ಜೂನ್ 17ರ ನಸುಕಿನಲ್ಲಿ ಆ ಕಟ್ಟಡದ ಕಾವಲಿಗೆ ಇದ್ದವರು ಫ್ರಾಂಕ್ ವಿಲ್ಸ್, ಕಪ್ಪು ಜನಾಂಗದ 24ರ ಯುವಕ. ಬಾಗಿಲು ಲಾಕ್ ಆಗದ ಹಾಗೆ ಯಾರೋ ಟೇಪ್ ಅಂಟಿಸಿದ್ದರು. ವಿಲ್ಸ್ ಅದನ್ನು ಕಿತ್ತು ಹಾಕಿದರು. ಮತ್ತೊಮ್ಮೆ ಬಂದು ನೋಡಿದರೆ ಅಲ್ಲೇ ಹೊಸ ಟೇಪ್! ಪೊಲೀಸರಿಗೆ ಫೋನ್ ಮಾಡಿದರು. ಒಳಗೆ ಐವರು ಸಿಕ್ಕಿಬಿದ್ದರು. ಚಿತ್ರದ ಶುರುವಿನಲ್ಲಿ ಆ ಕಾವಲುಗಾರನಾಗಿ ಬರುವುದು ಸ್ವತಃ ವಿಲ್ಸ್ ಅವರೇ. ಸ್ವಲ್ಪ ಹೊತ್ತು, ಅಷ್ಟೆ. ಆಮೇಲೆ ಕತೆಯೆಲ್ಲ ಹಗರಣದ ಬೆನ್ನು ಹತ್ತಿದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಇಬ್ಬರು ಬಿಳಿಯ ವರದಿಗಾರರದು.

ಇದನ್ನು ಕಪ್ಪು ಜನರ ಪ್ರಾತಿನಿಧ್ಯ ಎನ್ನಬಹುದೇ? ನಮ್ಮ ಕಿವಿಗೆ ಪ್ರಾತಿನಿಧ್ಯ ಅಂದರೆ ಸೀಟಿನ ಲೆಕ್ಕ. ‘ಸಂಪುಟದಲ್ಲಿ ನಮ್ಮ ಜಿಲ್ಲೆಗೆ ಪ್ರಾತಿನಿಧ್ಯ ಸಿಗಲಿಲ್ಲ’ ಅನ್ನುತ್ತೇವಲ್ಲ, ಆ ಥರ. ಒಬ್ಬರು ಹಲವರ ಪರವಾಗಿ ಕೂತಿದ್ದಾರೆ ಎಂಬ ಅರ್ಥ ಅದರೊಳಗೆ ಇದ್ದೇ ಇರುತ್ತದೆ. ವಿಲ್ಸ್ ಯಾರ ಪರವಾಗಿಯೂ ಬಂದವರಲ್ಲ. ತಾವು ಮಾಡಿದ ಕೆಲಸವನ್ನೇ ಕ್ಯಾಮೆರಾ ಮುಂದೆ ಇನ್ನೊಮ್ಮೆ ಮಾಡಿ ತೋರಿಸಿದರು. ಚಿತ್ರ ಅವರಿಗೆ ಎಷ್ಟು ಹೊತ್ತು ಕೊಟ್ಟಿತು, ಎಲ್ಲಿ ಬಿಟ್ಟು ಮುಂದೆ ಹೋಯಿತು ಅನ್ನುವುದು ಈ ಪದಕ್ಕೆ ಸಿಕ್ಕುವುದೇ ಇಲ್ಲ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತೀವಲ್ಲ, ಇಲ್ಲಿ ಅದು ತಿರುಗಿದೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ನನಗೆ ನೋವಾಗುವುದು ಇದೇ ಜಾಗದಲ್ಲಿ. ಹಾಗಾಗಿ ಸುಮ್ನೆ ಒಂದು ಪದ ಹಾಕಿ ಮುಂದೆ ಹೋಗಲು ಮನಸ್ಸಿಲ್ಲ.

ಇನ್ನು ಕ್ಯಾಥರೀನ್ ಗ್ರಹಾಂ. ಆಗ ಅದೇ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಪ್ರಕಾಶಕಿ ಅವರೇ. ಆದರೆ ಈ ಚಿತ್ರದಲ್ಲಿ ಅವರ ಪಾತ್ರವೇ ಇಲ್ಲ. ಫೋನಿನಲ್ಲಿ ಬರುವ ಒಂದು ಬೆದರಿಕೆಯಲ್ಲಿ ಹೆಸರು ಕೇಳಿಸುತ್ತದೆ. ಇಲ್ಲಿ ‘ಪ್ರಾತಿನಿಧ್ಯ ಇಲ್ಲ’ ಅಂದರೆ ಅರ್ಥ ಸರಿಯಾಗಿಯೇ ಹೊಂದುತ್ತದೆ. 2017ರ ‘ದ ಪೋಸ್ಟ್’ನಲ್ಲಿ ಮೆರಿಲ್ ಸ್ಟ್ರೀಪ್ ಅದೇ ಗ್ರಹಾಂ ಆಗಿದ್ದಾರೆ. ವಿಯೆಟ್ನಾಂ ಯುದ್ಧದ ಬಗೆಗಿನ ಸರ್ಕಾರದ ಗುಟ್ಟಿನ ದಾಖಲೆಗಳನ್ನು ಅಚ್ಚು ಹಾಕಬೇಕೋ ಬೇಡವೋ ಅನ್ನುವ ಕೊನೆಯ ಮಾತು ಅವರದ್ದು. ಅಲ್ಲಿಗೆ ‘ಚಿತ್ರಣ’ ಬೇಕು, ಅಲ್ವಾ?

ಹಾಗಂತ ಎಲ್ಲ ಕಡೆ ‘ಚಿತ್ರಣ’ ಹಾಕಲಾಗುವುದಿಲ್ಲ. ‘ಹೆಂಗಸರ ಚಿತ್ರಣ ಇಲ್ಲ’ ಅಂದರೆ ಅದರಲ್ಲಿ ಅನ್ಯಾಯದ ದನಿ ಕೇಳಿಸುವುದಿಲ್ಲ. ‘ಬಿಂಬಿಸು’ ನೋಡಿದೆ. ‘ತಪ್ಪಾಗಿ ಬಿಂಬಿಸಲಾಗಿದೆ’ ಎಂಬ ಪತ್ರಿಕೆಯ ಮಾತಿಗೆ ಅದು ತುಂಬಾ ಅಂಟಿಕೊಂಡುಬಿಟ್ಟಿದೆ. ‘ನಿರೂಪಣೆ’ ಅಂದರೆ ಟೀವಿ ಕಾರ್ಯಕ್ರಮ ನಡೆಸಿಕೊಡುವವರು ನೆನಪಾಗುತ್ತಾರೆ. ‘ಡೈವರ್ಸಿಟಿ’ಗೆ ‘ವೈವಿಧ್ಯ’ ಸಾಕು ಅನ್ನಿಸಿದೆ. ‘ಬಹುತ್ವ’ಕ್ಕೆ ಒಂದು ನಿಲುವಿನ ತೂಕ ಬಂದಿದೆ, ಅದನ್ನು ಪಾತ್ರಗಳ ಪಟ್ಟಿಗೆ ಬಳಸುವುದು ಬೇಡ.

ಸದ್ಯಕ್ಕೆ, ಯಾರಿದ್ದಾರೆ ಅನ್ನುವಲ್ಲಿ ‘ಪ್ರಾತಿನಿಧ್ಯ’, ಹೇಗಿದ್ದಾರೆ ಅನ್ನುವಲ್ಲಿ ‘ಚಿತ್ರಣ’ ಅಂತ ಬೇರೆ ಬೇರೆ ಬರೆದಿದ್ದೇನೆ. ವಿಲ್ಸ್ ವಿಷಯದ ವಾಕ್ಯ ಮಾತ್ರ ಹಾಗೇ ಖಾಲಿ ಉಳಿದಿದೆ: ‘ಈ ಚಿತ್ರದಲ್ಲಿ ವಿಲ್ಸ್ ಅವರಿಗೆ ____ ಸಿಕ್ಕಿದ್ದು ಶುರುವಿನಲ್ಲಿ ಮಾತ್ರ.’ ‘ಜಾಗ’ ಅಂದರೆ ಸಾಕೇ? ‘ಪಾಲು’ ಅನ್ನಲೇ? ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.