ಮಳೆಯಿಲ್ಲದ ರಾತ್ರಿ ರಾಡಾರ್‌ನಲ್ಲಿ ಮೂಡುವ ವೃತ್ತ: ಅದು ವಲಸೆ ಹಕ್ಕಿಗಳದ್ದೇ?

ಐರೋಲಿ ನಿವಾಸಿ:
ಮುಂಗಾರು ಮುಗಿದರೂ ಮುಂಬಯಿಯ ಹವಾಮಾನ ರಾಡಾರ್‌ನ ಚಿತ್ರ ನೋಡುವ ಅಭ್ಯಾಸ ನನಗೆ ಬಿಟ್ಟಿಲ್ಲ. ಅಕ್ಟೋಬರ್‌ನ ಒಂದು ರಾತ್ರಿ ಆಕಾಶದಲ್ಲಿ ತುಣುಕು ಮೋಡವೂ ಇರಲಿಲ್ಲ. ಆದರೂ ಎಂಟು ಗಂಟೆಯ ಹೊತ್ತಿಗೆ, ರಾಡಾರ್ ಇರುವ ಕೊಲಾಬಾದ ಸುತ್ತ ತೆಳುಬಣ್ಣದ ಚುಕ್ಕೆಗಳು ವೃತ್ತಾಕಾರವಾಗಿ ಹರಡಿದ್ದವು. ಸಂಜೆ ಆರಕ್ಕೆ ಅವು ಇರಲಿಲ್ಲ. ಅದೇ ವಾರ ಠಾಣೆ ಖಾಡಿಯ (ಕಡಲ ಹಿನ್ನೀರಿನ) ಕೆಸರಿನಲ್ಲಿ ವಲಸೆ ಬರುವ ಉಲ್ಲಂಕಿ ಹಕ್ಕಿಗಳ ಹೊಸ ಹಿಂಡುಗಳು ಇಳಿದಿದ್ದವು. ಎರಡಕ್ಕೂ ನಂಟಿದೆಯೇ?

ಮುಲುಂಡ್‌ನ ರಾಡಾರ್ ತಂತ್ರಜ್ಞ:
ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ರಾಡಾರ್ ದುರಸ್ತಿಯಲ್ಲೇ ನನ್ನ ನೌಕರಿ ಕಳೆದಿದೆ. ಹಕ್ಕಿಗಳ ಮೇಲಿನ ಪ್ರೀತಿ ಅದಕ್ಕಿಂತ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲೇ ಬ್ರಿಟನ್ನಿನ ರಾಡಾರ್‌ಗಳಲ್ಲಿ ಇಂಥ ಗುರುತುಗಳು ಕಾಣುತ್ತಿದ್ದವು. ಅವು ಹಕ್ಕಿಗಳೆಂದು 1945ರಲ್ಲಿ ಅಲ್ಲಿನ ಜೀವವಿಜ್ಞಾನಿಗಳಾದ ಡೇವಿಡ್ ಲ್ಯಾಕ್ ಮತ್ತು ವಾರ್ಲಿ ಬರೆದರು. ಹಕ್ಕಿಯ ಮೈಯಲ್ಲಿ ಹೆಚ್ಚಿನ ಪಾಲು ನೀರೇ. ಮಳೆಹನಿ ಹುಡುಕಲು ಹೊರಟ ರಾಡಾರ್ ಅಲೆ ಅದಕ್ಕೂ ಬಡಿದು ಮರಳುತ್ತದೆ.

ವೃತ್ತ ಏಕೆಂದರೆ, ರಾಡಾರ್ ಸುತ್ತಲೂ ಬಿಡುವ ಕಿರಣ ದೂರ ಹೋದಂತೆ ಮೇಲೇರುತ್ತದೆ. ಅರ್ಧ ಡಿಗ್ರಿ ಓರೆಯಲ್ಲಿ ಬಿಟ್ಟ ಕಿರಣ ನಿಮ್ಮ ಐರೋಲಿಯ ಮೇಲೆ ಸುಮಾರು 400 ಮೀಟರ್ ಎತ್ತರದಲ್ಲಿರುತ್ತದೆ, 100 ಕಿಲೋಮೀಟರ್ ದೂರದಲ್ಲಿ ಸುಮಾರು ಒಂದೂವರೆ ಕಿಲೋಮೀಟರ್. ಅಲ್ಲಿಂದಾಚೆ ಹೆಚ್ಚಿನ ಹಕ್ಕಿಗಳು ಕಿರಣದ ಕೆಳಗೇ ಹಾರಿ ಹೋಗುತ್ತವೆ, ಹಾಗಾಗಿ ಚುಕ್ಕೆಗಳು ಸುತ್ತಲೂ ಹೆಚ್ಚುಕಡಿಮೆ ಒಂದೇ ದೂರಕ್ಕೆ ನಿಂತುಬಿಡುತ್ತವೆ. ಸಮಯವೂ ಹೊಂದುತ್ತದೆ: ರಾತ್ರಿ ವಲಸೆ ಹೋಗುವ ಹಕ್ಕಿಗಳಲ್ಲಿ ಬಹಳಷ್ಟು, ಸೂರ್ಯ ಮುಳುಗಿದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಮೇಲೇಳುತ್ತವೆ.

ಆದರೆ ಇಷ್ಟಕ್ಕೇ ಹಕ್ಕಿ ಎಂದು ತೀರ್ಮಾನಿಸಬೇಡಿ. ಕತ್ತಲಾದ ಮೇಲೆ ಕೀಟಗಳೂ ಏಳುತ್ತವೆ. ಬೇರ್ಪಡಿಸಲು, ಚುಕ್ಕೆಗಳು ಚಲಿಸುವ ವೇಗ ತೋರಿಸುವ ರಾಡಾರ್ ಚಿತ್ರ ನೋಡಬೇಕು. ಕೀಟಗಳು ಹೆಚ್ಚುಕಡಿಮೆ ಗಾಳಿಯ ವೇಗದಲ್ಲೇ ಸಾಗುತ್ತವೆ. ಹಕ್ಕಿಗೆ ಸ್ವಂತ ರೆಕ್ಕೆಬಲವಿದೆ. ಸಾಂತಾಕ್ರೂಜ್‌ನಿಂದ ಹಾರಿಸುವ ಹವಾಮಾನ ಬಲೂನಿನ ಸಂಜೆ 5.30ರ ಗಾಳಿಯ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದೇ ಎತ್ತರದ ಗಾಳಿಗಿಂತ ಚುಕ್ಕೆಗಳು ಸೆಕೆಂಡಿಗೆ ಎಂಟು ಹತ್ತು ಮೀಟರ್ ಹೆಚ್ಚು ವೇಗವಾಗಿ ಚಲಿಸುತ್ತಿದ್ದರೆ ಹಕ್ಕಿಗಳೆನ್ನಲು ಬಲವಾದ ಕಾರಣವಿದೆ.

ಪುಣೆ ಕನ್ನಡತಿ:
ಸರ್, ವೃತ್ತದ ಕಡಲ ಕಡೆಯ ಅರ್ಧವನ್ನು ನಂಬಬಹುದೇ? ಶುಭ್ರ ರಾತ್ರಿಗಳಲ್ಲಿ ಕಿರಣ ಬಾಗಿ ಕಡಲ ಅಲೆಗಳಿಗೇ ಬಡಿಯುತ್ತದೆ ಎಂದು ಓದಿದ್ದೇನೆ.

ಮುಲುಂಡ್‌ನ ರಾಡಾರ್ ತಂತ್ರಜ್ಞ:
ಸರಿಯಾಗಿ ಹಿಡಿದಿರಿ, ಮೇಡಂ. ಕಡಲ ಭಾಗವನ್ನು ಬದಿಗಿಟ್ಟು ಠಾಣೆ, ಪನ್ವೇಲ್ ಕಡೆಯ ಅರ್ಧವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗೆಂದು ಯಾವ ಜಾತಿಯ ಹಕ್ಕಿ ಎಂಬುದನ್ನು ರಾಡಾರ್ ಹೇಳಲಾರದು. ಅಮೆರಿಕದಲ್ಲಿ ಇಡೀ ದೇಶದ ರಾಡಾರ್ ಜಾಲದಿಂದ ರಾತ್ರಿಯ ವಲಸೆಯ ಅಂದಾಜು ಕಟ್ಟುತ್ತಾರೆ. ನಮ್ಮ ಈ ವಲಸೆ ಹಾದಿಯಲ್ಲೂ ಅದು ಆಗಬೇಕು ಎಂಬುದು ನನ್ನ ಬಹುದಿನದ ಆಸೆ.

ಐರೋಲಿಯವರೇ, ಹುಣ್ಣಿಮೆಯ ಆಸುಪಾಸಿನಲ್ಲಿ ದುರ್ಬೀನನ್ನು ಸ್ಟ್ಯಾಂಡಿಗೆ ಬಿಗಿದು ಚಂದ್ರನತ್ತ ತಿರುಗಿಸಿ. ಬಿಂಬವನ್ನು ದಾಟುವ ಹಕ್ಕಿಗಳ ಸಮಯ ಮತ್ತು ದಿಕ್ಕನ್ನು ಬರೆದಿಡಿ. ಆ ಹೊತ್ತಿನ ರಾಡಾರ್ ಚಿತ್ರಗಳನ್ನೂ ಉಳಿಸಿಕೊಳ್ಳಿ. ಎರಡನ್ನೂ ಇಲ್ಲಿಗೆ ಹಾಕಿದರೆ ಕೂತು ಹೋಲಿಸಿ ನೋಡೋಣ.